ಲ್ಯಾಪ್‌ಟಾಪ್ ಕೊಟ್ಟರೆ ಸಾಲದು, ಕಲಿಸುವವರೂ ಬೇಕು

ಮಾನ್ಯ ಸಂಪಾದಕರೇ,

ಪ್ರತಿವರ್ಷ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಆಸುಪಾಸಿನಲ್ಲಿ, ಮತ್ತೆ ಮಾರ್ಚ್ ತಿಂಗಳ ಕೊನೆಯಲ್ಲಿ, ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಚಿತ್ರಗಳು ಬರುತ್ತವೆ. ವೇದಿಕೆಯ ಮುಂದೆ ಸಾಲಾಗಿ ನಿಲ್ಲಿಸಿದ ತ್ರಿಚಕ್ರ ವಾಹನಗಳು, ಗಣ್ಯರ ಕೈಯಿಂದ ಲ್ಯಾಪ್‌ಟಾಪ್ ಪಡೆಯುತ್ತಿರುವ ಅಂಧ ವಿದ್ಯಾರ್ಥಿ, ಕಿವಿಗೆ ಶ್ರವಣ ಸಾಧನ ಹಾಕಿಸಿಕೊಳ್ಳುತ್ತಿರುವ ಮಗು, ಕೆಳಗೆ ‘ಫಲಾನುಭವಿಗಳಿಗೆ ಸಾಧನ ಸಲಕರಣೆ ವಿತರಣೆ’ ಎಂಬ ಅಡಿಬರಹ. ಅಂಥ ಒಂದು ಚಿತ್ರದಲ್ಲಿ ಹಿಂದೊಮ್ಮೆ ನಾನೂ ಇದ್ದೆ. ಚಿತ್ರ ತೆಗೆದು ಎಲ್ಲರೂ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಪತ್ರಿಕೆಗಳಲ್ಲಿ ಬರುವುದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು, ವೃತ್ತಿಯಿಂದ ಪ್ರೌಢಶಾಲೆಯ ಸಮಾಜವಿಜ್ಞಾನ ಶಿಕ್ಷಕ. ಹುಟ್ಟುಕುರುಡನಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ಮೊದಲು ರಾತ್ರಿಯ ನೋಟ ಹೋಯಿತು, ಆಮೇಲೆ ಅಕ್ಕಪಕ್ಕದ ನೋಟ ಕುಗ್ಗುತ್ತ ಬಂತು, ಪಿಯುಸಿ ಮುಗಿಸುವ ಹೊತ್ತಿಗೆ ಪುಸ್ತಕದ ಅಕ್ಷರ ಕಾಣದಾಯಿತು. ಬಿ.ಎ. ಮೊದಲ ವರ್ಷದಲ್ಲಿ ಒಂದು ಸಮಾರಂಭದಲ್ಲಿ ನನಗೆ ಲ್ಯಾಪ್‌ಟಾಪ್ ಕೊಟ್ಟರು. ಕೊಟ್ಟವರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಅವರು ಮನಸ್ಸಿಟ್ಟೇ ಕೊಟ್ಟಿದ್ದರು. ಅದರಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವನ್ನೂ ಹಾಕಿಸಿದ್ದರು ಎಂಬುದು ನನಗೆ ಗೊತ್ತಾದದ್ದು 14 ತಿಂಗಳ ನಂತರ. ಅಲ್ಲಿಯವರೆಗೆ ಆ ಯಂತ್ರ ಅವ್ವನ ಟ್ರಂಕಿನಲ್ಲಿ, ಹೊಸ ಟವೆಲ್ ಸುತ್ತಿಕೊಂಡು, ಸೀರೆಗಳ ಕೆಳಗೆ ಇತ್ತು. ಬೆಲೆಬಾಳುವ ವಸ್ತು, ಕಣ್ಣಿಲ್ಲದ ಮಗ ಕೈಜಾರಿ ಕೆಡವಿದರೆ ಎಂಬ ಭಯ ಅವಳಿಗೆ. ಅದನ್ನು ತೆರೆದು ಏನು ಮಾಡಬೇಕೆಂಬುದೇ ತಿಳಿಯದ ನಾನು ಅವಳ ಭಯಕ್ಕೆ ಎದುರು ಹೇಳುವಂತಿರಲಿಲ್ಲ.

ಕಲಿಸಿದವನು ಧಾರವಾಡದ ಹಾಸ್ಟೆಲ್‌ನಲ್ಲಿದ್ದ, ನನಗಿಂತ ಎರಡು ವರ್ಷ ಹಿರಿಯನಾದ ಇನ್ನೊಬ್ಬ ಅಂಧ ವಿದ್ಯಾರ್ಥಿ. ಅವನು ಮೊದಲ ದಿನ ಮಾಡಿದ್ದಿಷ್ಟೇ: ನನ್ನ ಎರಡೂ ತೋರುಬೆರಳುಗಳನ್ನು ಹಿಡಿದು ಕೀಲಿಮಣೆಯ ಮೇಲೆ ಆಡಿಸುತ್ತ ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ನಿಲ್ಲಿಸಿದ. ಆ ಎರಡು ಕೀಲಿಗಳ ಕೆಳಅಂಚಿನಲ್ಲಿ ಉಗುರಿನ ತುದಿಯಷ್ಟು ಉದ್ದದ ಉಬ್ಬುಗೆರೆ ಇರುತ್ತದೆ. ‘ಇದು ನಿನ್ನ ಮನೆ, ಎಲ್ಲಿಗೆ ಹೋದರೂ ಬೆರಳು ಇಲ್ಲಿಗೇ ವಾಪಸು ಬರಬೇಕು’ ಎಂದ. ಅದೇ ಕೀಲಿಮಣೆಯನ್ನು ಕಣ್ಣು ಕಾಣುವಾಗ ಎಷ್ಟೋ ಸಲ ನೋಡಿದ್ದ ನಾನು ಆ ಗೆರೆಯನ್ನು ಗಮನಿಸಿರಲಿಲ್ಲ. ಆಮೇಲೆ ಮೂರು ವಾರ ಸಂಜೆ ಊಟಕ್ಕೆ ಮುಂಚೆ ಒಂದೊಂದು ಗಂಟೆ ಅವನು ಕಲಿಸಿದ. ಯಂತ್ರದ ಮಾತು ನಿಲ್ಲಿಸಲು ಕಂಟ್ರೋಲ್ ಕೀಲಿ, ವೆಬ್‌ ಪುಟದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಲು ‘ಎಚ್’, ಎಲ್ಲಿದ್ದೇನೆಂದು ತಿಳಿಯದಾದಾಗ ಪರದೆಯಲ್ಲಿ ತೆರೆದಿರುವ ಕಿಟಕಿಯ (ವಿಂಡೋ) ಹೆಸರು ಕೇಳಲು ಇನ್ಸರ್ಟ್ ಕೀಲಿಯ ಜೊತೆ ‘ಟಿ’. ಹೀಗೆ ಒಂದು ಪದವಿ, ಒಂದು ಬಿ.ಇಡಿ., ಒಂದು ಸಂಬಳದ ಕೆಲಸ ನನಗೆ ದಕ್ಕಿದ್ದರಲ್ಲಿ ಆ ಯಂತ್ರದ ಪಾಲಿಗಿಂತ ಆ ಇಪ್ಪತ್ತು ಸಂಜೆಗಳ ಪಾಲು ದೊಡ್ಡದು. ಅವನು ಅದೇ ಹಾಸ್ಟೆಲ್ಲಿಗೆ ಬಂದಿರದಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಸರ್ಕಾರಗಳು ಏನೂ ಮಾಡುತ್ತಿಲ್ಲ ಎಂಬುದು ನನ್ನ ದೂರಲ್ಲ. ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ‘ಅಡಿಪ್’ ಯೋಜನೆ 1981ರಿಂದ ಇದೆ. ಅಂಥ ಸಲಕರಣೆಗಳನ್ನು ತಯಾರಿಸುವ ಕಾನ್ಪುರದ ‘ಅಲಿಮ್ಕೊ’ ಕಾರ್ಖಾನೆ 1972ರಲ್ಲಿ ಸ್ಥಾಪನೆಯಾಯಿತು, ಅದರ ಉತ್ಪಾದನಾ ಘಟಕವೊಂದು ಬೆಂಗಳೂರಿನಲ್ಲೂ ಇದೆ. ನಮ್ಮ ರಾಜ್ಯದಲ್ಲಿ ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್, ದೈಹಿಕ ಅಂಗವಿಕಲರಿಗೆ ಯಂತ್ರಚಾಲಿತ ವಾಹನ ಕೊಡುವ ಯೋಜನೆಗಳಿವೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದೇವೆ. ಆ ಗಣತಿ ನಡೆದಾಗ ಕಾನೂನು ಗುರುತಿಸುತ್ತಿದ್ದ ವೈಕಲ್ಯಗಳು 7 ಬಗೆಯವು ಮಾತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿದ್ದರಿಂದ ಈಗ ನಮ್ಮ ಸಂಖ್ಯೆ ಇನ್ನೂ ದೊಡ್ಡದಿರಲೇಬೇಕು. ಇಷ್ಟು ಜನರಿಗೆ ಸಲಕರಣೆ ಮುಟ್ಟಿಸುವುದು ಸಣ್ಣ ಕೆಲಸವಲ್ಲ, ಮುಟ್ಟಿಸಿದವರಿಗೆ ಕೃತಜ್ಞತೆ ಇದೆ. ಆದರೆ ಎಷ್ಟು ಕೊಟ್ಟೆವು ಎಂಬ ಲೆಕ್ಕ ವರದಿಗಳಲ್ಲಿ ಸಿಗುವಷ್ಟು ಸುಲಭವಾಗಿ, ಕೊಟ್ಟದ್ದರಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬ ಲೆಕ್ಕ ಸಿಗುವುದಿಲ್ಲ.

ಭಾರತ 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 26ನೇ ವಿಧಿಯನ್ನು ಓದಿದರೆ, ಸಹಾಯಕ ಸಾಧನಗಳ ವಿಷಯದಲ್ಲಿ ಮೂರು ಮಾತುಗಳು ಒಟ್ಟಿಗೇ ಬರುತ್ತವೆ: ಲಭ್ಯತೆ, ತಿಳಿವಳಿಕೆ ಮತ್ತು ಬಳಕೆ. ನಾವು ಮೊದಲನೆಯದಕ್ಕೆ ಹಣ ಇಡುತ್ತೇವೆ, ಉಳಿದೆರಡನ್ನು ಫಲಾನುಭವಿಯ ಅದೃಷ್ಟಕ್ಕೆ ಬಿಡುತ್ತೇವೆ. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕದಿಂದ ಗಾಲಿಕುರ್ಚಿಯವರೆಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು, ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ವರದಿಯಲ್ಲಿ ಹೇಳಿವೆ. ಸಿಕ್ಕಿಯೂ ಟ್ರಂಕು ಸೇರಿದವುಗಳನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ನನ್ನ ಪ್ರಶ್ನೆ.

ಇದು ಕಂಪ್ಯೂಟರಿಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ. ಎರಡು ವರ್ಷಗಳ ಹಿಂದೆ ನನ್ನ 8ನೇ ತರಗತಿಯಲ್ಲಿ ಪಾಠದ ನಡುವೆ ಸಣ್ಣಗೆ ಸೀಟಿಯಂಥ ಸದ್ದು ಕೇಳಿಸುತ್ತಿತ್ತು. ಉಳಿದ ಶಿಕ್ಷಕರಿಗಿಂತ ಬೇಗ ಅದು ನನ್ನ ಕಿವಿಗೆ ಬಿತ್ತು. ಮೂರನೇ ಬೆಂಚಿನ ಹುಡುಗನೊಬ್ಬನಿಗೆ ಶಿಬಿರವೊಂದರಲ್ಲಿ ಕೊಟ್ಟ ಶ್ರವಣ ಸಾಧನದ ಸದ್ದು ಅದು. ಕೆಲವು ವಾರಗಳಲ್ಲಿ ಸೀಟಿ ನಿಂತಿತು, ಅದರ ಜೊತೆಗೇ ಹುಡುಗ ಉತ್ತರ ಹೇಳುವುದೂ ನಿಂತಿತು. ಅವನ ತಾಯಿಯನ್ನು ಕರೆಸಿ ಕೇಳಿದಾಗ, ಯಂತ್ರ ಕೆಟ್ಟಿದೆ, ಎಲ್ಲರೂ ನಗುತ್ತಾರೆಂದು ಮಗ ಹಾಕಿಕೊಳ್ಳುವುದಿಲ್ಲ, ಸೆಲ್ಲುಗಳೂ ದಿನಕ್ಕೊಂದರಂತೆ ಖಾಲಿಯಾಗುತ್ತಿದ್ದವು ಎಂದರು. ಯಂತ್ರ ಕೆಟ್ಟಿರಲಿಲ್ಲ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾದರೆ ಒಳಗಿನ ಸದ್ದು ಹೊರಗೆ ಸೋರಿ, ಮತ್ತೆ ಮೈಕಿಗೆ ಸಿಕ್ಕಿ ಸೀಟಿಯಾಗುತ್ತದೆ. ಬೆಳೆಯುವ ಮಕ್ಕಳ ಕಿವಿ ದೊಡ್ಡದಾದಂತೆ ಅಚ್ಚನ್ನು ಮತ್ತೆ ಮಾಡಿಸಬೇಕು. ಇನ್ನು ಆ ಗುಂಡಿ ಸೆಲ್ಲುಗಳ ಮೇಲಿನ ಬಣ್ಣದ ಅಂಟುಪಟ್ಟಿ ಕಿತ್ತೊಡನೆ ಗಾಳಿ ಒಳಹೊಕ್ಕು ಸೆಲ್ ಸವೆಯತೊಡಗುತ್ತದೆ. ಆ ತಾಯಿ, ಮಗನಿಗೆ ಸುಲಭವಾಗಲೆಂದು, ಇಡೀ ಪೊಟ್ಟಣದ ಪಟ್ಟಿಗಳನ್ನು ಒಂದೇ ದಿನ ಕಿತ್ತು ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಹುಬ್ಬಳ್ಳಿಯಲ್ಲಿ ಶ್ರವಣತಜ್ಞರೊಬ್ಬರು ಹೊಸ ಅಚ್ಚು ಮಾಡಿಕೊಟ್ಟ ಮೇಲೆ ಸೀಟಿ ಹೋಯಿತು. ಶಿಬಿರದ ದಿನವೇ ಯಾರಾದರೂ ಆ ತಾಯಿಯನ್ನು ಹತ್ತು ನಿಮಿಷ ಕೂರಿಸಿಕೊಂಡು ಇಷ್ಟನ್ನು ಹೇಳಿದ್ದರೆ ಹುಡುಗನ ಒಂದು ವರ್ಷದ ಪಾಠ ಉಳಿಯುತ್ತಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ಇರುವ ರಾಜ್ಯ ನಮ್ಮದು. ಅಲ್ಲಿರುವ ಜ್ಞಾನ ಹಾವೇರಿಯ ಹಳ್ಳಿಯ ತಾಯಿಗೆ ತಲುಪಲು ನಡುವೆ ಒಬ್ಬ ಮನುಷ್ಯ ಬೇಕು.

ಗಾಲಿಕುರ್ಚಿಯದೂ ಇದೇ ಕಥೆ. ಸೊಂಟದ ಅಳತೆ ನೋಡದೆ ಕೊಟ್ಟ ಕುರ್ಚಿಯಲ್ಲಿ, ಆಗಾಗ ಮೈ ಎತ್ತಿ ಭಾರ ಬದಲಿಸಬೇಕೆಂದು ಯಾರೂ ಹೇಳದೆ, ದಿನವಿಡೀ ಕುಳಿತ ಬೆನ್ನುಹುರಿ ಗಾಯಾಳುವಿಗೆ ಒತ್ತಡದ ಹುಣ್ಣು ಆಗುತ್ತದೆ. ನೋವು ತಿಳಿಯದ ಚರ್ಮದ ಮೇಲೆ ಆಗುವ ಹುಣ್ಣು ಅದು, ಪ್ರಾಣಕ್ಕೇ ಎರವಾಗಬಹುದು.

ಮಧ್ಯವಯಸ್ಸು ದಾಟಿದ ಮೇಲೆ ಕಣ್ಣು ಕಳೆದುಕೊಳ್ಳುವವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅವರು ಅಂಧರ ಶಾಲೆಗೆ ಹೋದವರಲ್ಲ, ಬ್ರೈಲ್ ಕಲಿತವರಲ್ಲ, ಯಾವ ಸಂಘದಲ್ಲೂ ಇರುವುದಿಲ್ಲ. ನಮ್ಮ ಪಕ್ಕದ ಊರಿನ, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋದ ಹಿರಿಯರೊಬ್ಬರು ಮೂರು ವರ್ಷ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತೇ ಕಳೆದಿದ್ದರು. ಅವರ ಅಂಗಿಯ ಜೇಬಿನಲ್ಲಿ ಸ್ಮಾರ್ಟ್‌ಫೋನ್ ಇತ್ತು, ಕರೆ ಬಂದರೆ ಮೊಮ್ಮಗಳು ಎತ್ತಿ ಕೊಡುತ್ತಿದ್ದಳು. ಅದೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಮೊದಲಿನಿಂದಲೂ ಇದೆ, ಅದಕ್ಕೆ ಕನ್ನಡದ ಧ್ವನಿಯನ್ನೂ ಹಾಕಿಕೊಳ್ಳಬಹುದು, ಬೆರಳಿಟ್ಟಲ್ಲಿ ಏನಿದೆಯೆಂದು ಅದು ಹೇಳುತ್ತದೆ, ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ತೆರೆಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ‘ಇನ್ನು ನೋಟ ಬರುವುದಿಲ್ಲ’ ಎಂದು ಹೇಳಿ ಕಳಿಸಿದ್ದರಂತೆ. ಹಾಗೆ ಹೇಳುವ ದಿನವೇ ಮುಂದಿನ ಬದುಕಿಗೆ ಏನು ದಾರಿಯೆಂಬುದನ್ನೂ ಹೇಳಿ ಕಳಿಸಬೇಕು ಎಂಬುದು ನನ್ನ ಕಳಕಳಿಯ ಬೇಡಿಕೆ. ನಾನು ಅವರಿಗೆ ನಾಲ್ಕು ಭಾನುವಾರ ಕಲಿಸಿದೆ. ಮೊದಲ ಎರಡು ಭಾನುವಾರ ಅವರ ಬೆರಳು ನಡುಗುತ್ತಿತ್ತು, ಪ್ರತಿ ಸಲ ತಟ್ಟಿದಾಗಲೂ ‘ಏನಾರ ಕೆಟ್ಟೀತು’ ಎನ್ನುತ್ತಿದ್ದರು. ನಾಲ್ಕನೆಯ ಭಾನುವಾರ ಹುಬ್ಬಳ್ಳಿಯಲ್ಲಿರುವ ಮಗ ಕಳಿಸಿದ ಸಂದೇಶವನ್ನು ತಾವೇ ತೆರೆದು ಕೇಳಿಸಿಕೊಂಡರು, ಮತ್ತೆ ಕೇಳಿಸಿಕೊಂಡರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಆ ಫೋನಿಗೆ ಸರ್ಕಾರದ ಒಂದು ರೂಪಾಯಿಯೂ ಬೇಕಿರಲಿಲ್ಲ.

ಕಲಿಸುವ ಕೆಲಸ ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. 1959ರಲ್ಲಿ ಆರಂಭವಾದ ಎಪಿಡಿ, 1990ರ ಮಿತ್ರ ಜ್ಯೋತಿ, 1997ರ ಸಮರ್ಥನಂ, 1999ರ ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳು ಸಾವಿರಾರು ಜನರನ್ನು ಉದ್ಯೋಗಕ್ಕೆ, ಸ್ವತಂತ್ರ ಬದುಕಿಗೆ ಸಿದ್ಧಪಡಿಸಿವೆ. ಆದರೆ ಇವೆಲ್ಲದರ ಬೇರು ಬೆಂಗಳೂರಿನಲ್ಲಿದೆ. ಬೀದರ್‌ನ ಅಂಧ ಯುವತಿಯೊಬ್ಬಳು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಕಲಿಯಬೇಕಾದರೆ ಮನೆಯವರು ಒಪ್ಪಬೇಕು, ಉಳಿಯಲು ನೆಲೆ ಬೇಕು, ಕೈಯಲ್ಲಿ ಹಣ ಬೇಕು. ಬೆಂಗಳೂರಿಗೆ ಹೋಗುವ ಅಗತ್ಯವೇ ಬೀಳದಂತೆ ಕಲಿಕೆ ತಾಲ್ಲೂಕಿಗೆ, ಹೋಬಳಿಗೆ ಬರಬೇಕು.

ಅದಕ್ಕೆ ಬೇಕಾದ ಜನ ಈಗಾಗಲೇ ನಮ್ಮ ನಡುವೆ ಇದ್ದಾರೆ ಎಂಬುದೇ ನಾನು ಒತ್ತಿ ಹೇಳಬೇಕೆಂದಿರುವ ವಿಷಯ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯು ಎಂದು ಕರೆಯುವವರು, ಗೌರವಧನದ ಮೇಲೆ ಕೆಲಸ ಮಾಡುತ್ತಿದ್ದಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರು ಸ್ವತಃ ಅಂಗವಿಕಲರು, ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆಯೆಂದು ಹೆಸರು ಹಿಡಿದು ಹೇಳಬಲ್ಲವರು. ನಾನು ಬಲ್ಲ ಕಾರ್ಯಕರ್ತರ ದಿನವೆಲ್ಲ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ, ಮಾಸಾಶನದ ಅರ್ಜಿ, ಸಮೀಕ್ಷೆಯ ನಮೂನೆಗಳಲ್ಲಿ ಕಳೆದುಹೋಗುತ್ತದೆ. ಇವರಿಗೇ ವರ್ಷಕ್ಕೆ ಕೆಲವು ವಾರ ಸರಿಯಾದ ತರಬೇತಿ ಕೊಟ್ಟು, ಫೋನಿನ ಟಾಕ್‌ಬ್ಯಾಕ್, ಶ್ರವಣ ಸಾಧನದ ನಿರ್ವಹಣೆ, ಬಿಳಿಕೋಲು ಹಿಡಿದು ನಡೆಯುವ ಕ್ರಮ, ಗಾಲಿಕುರ್ಚಿಯ ಅಳತೆ, ಮಾತು ಬಾರದ ಮಗುವಿಗೆ ಚಿತ್ರಫಲಕದ ಬಳಕೆ ಇಷ್ಟನ್ನು ಕಲಿಸಿದರೆ, ಮತ್ತು ಆ ಕೆಲಸಕ್ಕೆ ತಕ್ಕ ಗೌರವಧನವನ್ನೂ ಹೆಚ್ಚಿಸಿದರೆ, ಪ್ರತಿ ಪಂಚಾಯಿತಿಯಲ್ಲೂ ಒಬ್ಬ ಶಿಕ್ಷಕ ಸಿಕ್ಕಂತಾಗುತ್ತದೆ. ಅಂಗವಿಕಲನಿಂದ ಅಂಗವಿಕಲ ಕಲಿಯುವಾಗ ಸಂಕೋಚ ಬೇಗ ಬಿಡುತ್ತದೆ ಎಂಬುದನ್ನು ನಾನು ಹಾಸ್ಟೆಲ್ಲಿನಲ್ಲೇ ಕಂಡಿದ್ದೇನೆ.

ಜಾಗವೂ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವೆಡೆ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಬಂದಿವೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಸಂಪೂರ್ಣ ಉಚಿತ, ಅದು ಕನ್ನಡವನ್ನೂ ಓದುತ್ತದೆ. ಅದನ್ನು ಆ ಕಂಪ್ಯೂಟರುಗಳಲ್ಲಿ ಹಾಕಲು ಬೇಕಾದದ್ದು ಒಂದು ಆದೇಶ ಮತ್ತು ಹತ್ತು ನಿಮಿಷ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮುದ್ರಿತ ಅಕ್ಷರ ಓದಲಾಗದವರಿಗೆಂದೇ ಸಿದ್ಧಪಡಿಸಿದ ಪುಸ್ತಕಗಳಿವೆ, ಕನ್ನಡದವೂ ಇವೆ. ಅದರ ಸದಸ್ಯತ್ವ ಮಾಡಿಸಿಕೊಡುವುದನ್ನು ಗ್ರಂಥಪಾಲಕರೇ ಕಲಿಯಬಹುದು. ಹಣದ ಮಾತು ಬಂದರೆ, ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಬಳಸಬೇಕೆಂಬ ನಿಯಮವಿದೆ. ಆ ಹಣದಲ್ಲಿ ವಸ್ತು ಹಂಚುವಂತೆ ತರಬೇತಿಗೂ ಖರ್ಚು ಮಾಡಬಹುದು ಎಂದು ಸ್ಪಷ್ಟ ಸುತ್ತೋಲೆ ಹೊರಡಿಸಿದರೆ ಪಿಡಿಒಗಳಿಗೆ ಲೆಕ್ಕಪರಿಶೋಧನೆಯ ಅಂಜಿಕೆ ಇರುವುದಿಲ್ಲ.

ಇಷ್ಟೆಲ್ಲ ಕಲಿತವನೂ ಕೊನೆಗೆ ಎಡವುವುದು ಕನ್ನಡದಲ್ಲೇ ಎಂಬುದನ್ನು ನೋವಿನಿಂದ ಹೇಳುತ್ತೇನೆ. ಕಚೇರಿಯಿಂದ ಬರುವ ಎಷ್ಟೋ ಕಡತಗಳು ಇನ್ನೂ ಎಲ್ಲ ಯಂತ್ರಗಳೂ ಗುರುತಿಸಬಲ್ಲ ಯೂನಿಕೋಡ್ ಎಂಬ ಅಕ್ಷರಸಂಕೇತಕ್ಕೆ ಮೊದಲಿನ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಇರುತ್ತವೆ. ಕಣ್ಣಿಗೆ ಅದು ಚಂದದ ಕನ್ನಡ. ಆದರೆ ಕಂಪ್ಯೂಟರಿನ ಒಳಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ಆಕಾರ ತೊಡಿಸಿದ್ದು ಅಷ್ಟೇ. ‘ಕರ್ನಾಟಕ’ ಎಂಬ ಪದ ಅದರಲ್ಲಿದ್ದರೆ ನನ್ನ ಸ್ಕ್ರೀನ್ ರೀಡರ್‌ಗೆ ಸಿಗುವುದು ‘ಪಿ’ ಅಕ್ಷರ, ತಲೆಯ ಮೇಲೆ ಗೀಟಿರುವ ‘ಎ’, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ. ನನ್ನ ನಾಡಿನ ಹೆಸರು ನನ್ನ ಕಿವಿಗೆ ಪೌಂಡ್ ಎಂದು ಬೀಳುತ್ತದೆ. ಇನ್ನು ಆದೇಶಗಳನ್ನು ಸಹಿ, ಮೊಹರಿನ ಸಮೇತ ಸ್ಕ್ಯಾನ್ ಮಾಡಿ ಹಾಕಿದರೆ ಅದು ಬರೀ ಚಿತ್ರ, ‘ಪುಟ ಖಾಲಿ’ ಎಂಬಂತೆ ಯಂತ್ರ ಸುಮ್ಮನಾಗುತ್ತದೆ. ನುಡಿಯಲ್ಲೇ ಯೂನಿಕೋಡ್ ಸೌಲಭ್ಯವಿದೆ, ಹಳೆಯ ಕಡತಗಳನ್ನು ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಆದ್ದರಿಂದ ತರಬೇತಿ ಎಂದಾಗ ಅಂಗವಿಕಲರನ್ನು ಮಾತ್ರ ಕೂರಿಸಿ ಕಲಿಸಿದರೆ ಸಾಲದು, ಕಡತ ಸಿದ್ಧಪಡಿಸುವ ಗುಮಾಸ್ತರಿಗೂ, ಬ್ಯಾಂಕಿನ ಸಿಬ್ಬಂದಿಗೂ, ನನ್ನಂಥ ಶಿಕ್ಷಕರಿಗೂ ಅರ್ಧ ದಿನದ ತಿಳಿವಳಿಕೆ ಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಸಹೋದ್ಯೋಗಿಯೊಬ್ಬರು, ನನ್ನ ಮೇಲಿನ ಪ್ರೀತಿಯಿಂದಲೇ, ‘ನಿಮಗೇಕೆ ಕಷ್ಟ ಸರ್’ ಎಂದು ಅಂಕಪಟ್ಟಿಯ ಕೆಲಸವನ್ನೆಲ್ಲ ತಾವೇ ಮಾಡಿಬಿಡುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ನಾನು ಎಕ್ಸೆಲ್‌ನಲ್ಲಿ ನಲವತ್ತು ಮಕ್ಕಳ ಅಂಕ ತುಂಬಿ ತೋರಿಸಿದ ಮೇಲೆ ಅವರು ತಮ್ಮ ತರಗತಿಯ ಪಟ್ಟಿಯ ಅನುಮಾನಗಳನ್ನೂ ನನ್ನಲ್ಲಿ ಕೇಳತೊಡಗಿದರು.

ಸಲಕರಣೆ ಕೊಡುವ ಎಲ್ಲ ಇಲಾಖೆಗಳಿಗೆ, ದಾನಿಗಳಿಗೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಗಳನ್ನು ನೋಡಿಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೇ. ಕೊಡುವ ದಿನಾಂಕದ ಜೊತೆಗೆ ಕಲಿಸುವ ದಿನಾಂಕಗಳನ್ನೂ, ಕಲಿಸುವವರ ಫೋನ್ ಸಂಖ್ಯೆಯನ್ನೂ ಅದೇ ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಡಿ, ಅದನ್ನು ಓದಿಯೂ ಹೇಳಿ. ಮನೆಯವರೊಬ್ಬರನ್ನು ಜೊತೆಗೆ ಕೂರಿಸಿ ಕಲಿಸಿ, ಏಕೆಂದರೆ ಟ್ರಂಕಿನ ಕೀಲಿ ಅವರ ಬಳಿ ಇರುತ್ತದೆ. ಮೂರು ತಿಂಗಳಾದ ಮೇಲೆ ಒಮ್ಮೆ, ವರ್ಷವಾದ ಮೇಲೆ ಒಮ್ಮೆ ಮನೆಗೆ ಹೋಗಿ ನೋಡಿ. ನೂರು ಜನರಿಗೆ ಕೊಡುವ ಹಣದಲ್ಲಿ ತೊಂಬತ್ತು ಜನರಿಗೆ ಕೊಟ್ಟು ಉಳಿದ ಹಣವನ್ನು ಕಲಿಕೆಗೆ ಇಡುವುದಾದರೂ ಅದು ತಪ್ಪಲ್ಲ ಎಂದು, ಆ ಹತ್ತು ಜನರಲ್ಲಿ ನಾನೇ ಒಬ್ಬನಾಗಿರಬಹುದಿತ್ತು ಎಂಬುದು ತಿಳಿದೂ, ಹೇಳುತ್ತಿದ್ದೇನೆ.

ತಮ್ಮಲ್ಲಿಯೂ ಎರಡು ಕೋರಿಕೆಗಳಿವೆ. ತಮ್ಮ ಜಾಲತಾಣದ ಸುದ್ದಿಗಳನ್ನು ನಾನು ದಿನವೂ ಓದುತ್ತೇನೆ, ಆದರೆ ಇ-ಪೇಪರ್ ಪುಟಗಳು ಚಿತ್ರರೂಪದಲ್ಲಿರುವುದರಿಂದ ಜಿಲ್ಲಾ ಪುಟಕ್ಕಾಗಿ ಈಗಲೂ ಮನೆಯವರನ್ನೇ ಕಾಯಬೇಕಾಗಿದೆ. ಆ ಪುಟಗಳ ಪಠ್ಯವನ್ನೂ ಯೂನಿಕೋಡ್‌ನಲ್ಲಿ ಸಿಗುವಂತೆ ಮಾಡಬೇಕು. ಎರಡನೆಯದಾಗಿ, ಈ ಸಲ ಡಿಸೆಂಬರ್‌ನಲ್ಲಿ ವಿತರಣೆಯ ಚಿತ್ರ ಪ್ರಕಟಿಸಿದಾಗ ಅದರಲ್ಲಿರುವ ಇಬ್ಬರು ಮೂವರ ಊರನ್ನು ತಮ್ಮ ವರದಿಗಾರರು ಗುರುತು ಹಾಕಿಕೊಳ್ಳಲಿ, ಜೂನ್ ತಿಂಗಳಲ್ಲಿ ಅವರ ಮನೆಗೆ ಹೋಗಿ ಆ ಲ್ಯಾಪ್‌ಟಾಪ್, ಆ ಶ್ರವಣ ಸಾಧನ, ಆ ಗಾಲಿಕುರ್ಚಿ ಈಗ ಎಲ್ಲಿದೆ ಎಂದು ಕೇಳಿ, ಕಂಡದ್ದನ್ನು ಅದೇ ಪುಟದಲ್ಲಿ ಬರೆಯಲಿ.

ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕ
ಹಾವೇರಿ ಜಿಲ್ಲೆ